ಜಾರುವ ಗರ್ಭಕೋಶ: ಸ್ನಾಯುವಿನ ವ್ಯಾಯಾಮ ಮತ್ತು ಮೈಭಂಗಿ

ಗರ್ಭಕೋಶ, ಮೂತ್ರಕೋಶ ಅಥವಾ ಗುದನಾಳ ತನ್ನ ನೆಲೆ ತಪ್ಪಿ ಯೋನಿಯೊಳಕ್ಕೆ, ಕೆಲವೊಮ್ಮೆ ಅದರ ಹೊರಕ್ಕೂ ಇಳಿಯುವುದನ್ನು ಜನ ಒಟ್ಟಾಗಿ ಗರ್ಭಕೋಶ ಜಾರಿದೆ ಎನ್ನುತ್ತಾರೆ. ಈ ಅಂಗಗಳನ್ನು ಮೇಲಿನಿಂದ ಹಿಡಿದಿರುವುದು ಅಸ್ಥಿರಜ್ಜುಗಳು, ಕೆಳಗಿನಿಂದ ಆತುಕೊಂಡಿರುವುದು ಶ್ರೋಣಿಯ ತಳದ ಸ್ನಾಯುಗಳು. ಹೆರಿಗೆಯಲ್ಲಿ ಸ್ನಾಯು ವಿಪರೀತ ಹಿಗ್ಗುತ್ತದೆ, ಕೆಲವರಲ್ಲಿ ಮೂಳೆಯಿಂದಲೇ ಕಿತ್ತುಬರುತ್ತದೆ. ಮುಟ್ಟು ನಿಂತ ಮೇಲಿನ ಸಡಿಲಿಕೆ, ವಾಸಿಯಾಗದ ಕೆಮ್ಮು, ಮಲಬದ್ಧತೆ, ಭಾರ ಹೊರುವುದು ಉಳಿದ ಕೆಲಸ ಮುಗಿಸುತ್ತವೆ.

ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿಯಂಥ, ಸೂಳೆಕೆರೆ ಸುತ್ತಿನ ಊರುಗಳಲ್ಲಿ ಭತ್ತದ ನಾಟಿಗೆ ದಿನವಿಡೀ ಬಾಗಬೇಕು. ಸುಗ್ಗಿಯಲ್ಲಿ ಅಡಿಕೆ ಸುಲಿಯಲು ಗಂಟೆಗಟ್ಟಲೆ ಬೆನ್ನು ಗೂನಿಸಿ ಕೂರಬೇಕು. ಮೇವಿನ ಹೊರೆ, ನೀರಿನ ಕೊಡ ಬೇರೆ. ಇಂಥ ದುಡಿಮೆಯ ನಡುವೆ ಸ್ನಾಯುವನ್ನು ಬಲಪಡಿಸುವುದು ಮೇಲೋ, ಕೂರುವ-ನಿಲ್ಲುವ ರೀತಿ ತಿದ್ದುವುದು ಮೇಲೋ ಎಂಬುದು ಬರಿಯ ತರ್ಕದ ಪ್ರಶ್ನೆಯಲ್ಲ.

ವ್ಯಾಯಾಮದ ಪಕ್ಷಕ್ಕೆ ಪುರಾವೆ ಹೆಚ್ಚು. ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಇದನ್ನು ವೈದ್ಯಲೋಕದ ಗಮನಕ್ಕೆ ತಂದರು. ಮೂತ್ರ ಮತ್ತು ವಾಯುವನ್ನು ತಡೆಯುವಂತೆ ಸ್ನಾಯುವನ್ನು ಒಳಕ್ಕೂ ಮೇಲಕ್ಕೂ ಎಳೆದು, ಆರೆಂಟು ಸೆಕೆಂಡ್ ಹಿಡಿದು, ಪೂರ್ತಿ ಸಡಿಲಿಸಬೇಕು. ಎಂಟರಿಂದ ಹನ್ನೆರಡು ಸಲಕ್ಕೆ ಒಂದು ಸುತ್ತು, ದಿನಕ್ಕೆ ಮೂರು ಸುತ್ತು, ಕನಿಷ್ಠ ಮೂರು-ನಾಲ್ಕು ತಿಂಗಳು. ಎಷ್ಟೋ ಹೆಂಗಸರು ಸ್ನಾಯುವನ್ನು ಎತ್ತುವ ಬದಲು ಕೆಳಕ್ಕೆ ಮುಕ್ಕುತ್ತಾರೆ, ಅದರಿಂದ ಕೇಡೇ ಹೆಚ್ಚು. ಮೊದಲ ಸಲ ಫಿಸಿಯೋಥೆರಪಿಸ್ಟ್ ಎದುರು ಕಲಿಯಬೇಕೆನ್ನುವುದು ಇದಕ್ಕೇ. ಬ್ರಿಟನ್, ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳ 447 ಹೆಂಗಸರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹೀಗೆ ಕಲಿತವರಿಗೆ ಭಾರವೆನಿಸುವುದು, ಏನೋ ಇಳಿದಂತಾಗುವುದು ವರ್ಷದ ಕೊನೆಗೆ ಕಡಿಮೆಯಾಗಿತ್ತು. 2010ರ ನಾರ್ವೆಯ ಅಧ್ಯಯನದಲ್ಲಿ ವ್ಯಾಯಾಮ ಮಾಡಿದವರಲ್ಲಿ ಶೇ 19ರಷ್ಟು ಮಂದಿಯ ಜಾರಿಕೆ ಒಂದು ಹಂತ ತಗ್ಗಿತು; ಮಾಡದವರಲ್ಲಿ ಶೇ 8. ಅಂದರೆ ನೋವು-ಕಿರಿಕಿರಿ ತಗ್ಗುವುದು ಸಾಮಾನ್ಯ, ಅಂಗ ಮರಳಿ ನೆಲೆಗೆ ಸೇರುವುದು ಅಪರೂಪ.

ಭಂಗಿಯ ಪಕ್ಷದವರು ಅಂಗರಚನೆಯಿಂದಲೇ ವಾದ ಹೂಡುತ್ತಾರೆ. ಸೊಂಟದ ಸಹಜ ಒಳಬಾಗು ಉಳಿದರೆ ಶ್ರೋಣಿ ಮುಂದಕ್ಕೆ ವಾಲಿ, ಹೊಟ್ಟೆಯ ಒತ್ತಡ ಮುಂದಿನ ಮೂಳೆ ಮತ್ತು ಕಿಬ್ಬೊಟ್ಟೆಯ ಮೇಲೆ ಬೀಳುತ್ತದೆ. ಬೆನ್ನು ಗೂನಿಸಿದರೆ ಅದೇ ಒತ್ತಡ ನೇರವಾಗಿ ತಳಕ್ಕೆ ಇಳಿಯುತ್ತದೆ. ಅಮೆರಿಕದ ಕ್ರಿಸ್ಟೀನ್ ಕೆಂಟ್ ಈ ವಾದವನ್ನು ಪ್ರಚಾರ ಮಾಡಿದವರು. 2000ರಲ್ಲಿ ಪ್ರಕಟವಾದ ಒಂದು ಅಧ್ಯಯನ ಬೆನ್ನಿನ ಬಾಗು ಕೆಟ್ಟವರಲ್ಲಿ ಜಾರಿಕೆ ಹೆಚ್ಚೆಂದು ತೋರಿಸಿದೆ. ಆದರೆ ಜೊತೆಗಿರುವುದೆಲ್ಲ ಕಾರಣವಲ್ಲ, ಬಾಗಿದ ಬೆನ್ನೂ ಸಡಿಲ ಸ್ನಾಯುವೂ ವಯಸ್ಸಿನ ಜೊತೆಯೇ ಬರುವಂಥವು. ಭಂಗಿಯೊಂದನ್ನೇ ತಿದ್ದಿ ಜಾರಿಕೆ ಹಿಂದೆ ಸರಿಯಿತೆಂದು ಗಟ್ಟಿಯಾಗಿ ಹೇಳುವ ದೊಡ್ಡ ಪ್ರಯೋಗಗಳ ಬೆಂಬಲ ಈ ವಾದಕ್ಕಿಲ್ಲ.

ಎರಡರ ನಡುವೆ ನಿಲ್ಲುವುದು ಬೆಲ್ಜಿಯಂನ ಮಾರ್ಸೆಲ್ ಕಾಫ್ರಿಯೆ 1980ರ ದಶಕದಲ್ಲಿ ರೂಪಿಸಿದ ಕ್ರಮ: ಉಸಿರು ಪೂರ್ತಿ ಬಿಟ್ಟು, ಎದೆಗೂಡನ್ನು ಹಿಗ್ಗಿಸಿ, ಹೊಟ್ಟೆಯನ್ನು ಒಳಗೆಳೆಯುವುದು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ 1966ರಷ್ಟು ಹಿಂದೆಯೇ ತಮ್ಮ ಪುಸ್ತಕದಲ್ಲಿ ವಿವರಿಸಿದ ಉಡ್ಡಿಯಾನ ಬಂಧಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ. ಬ್ರೆಜಿಲ್‌ನ ಹೋಲಿಕೆ ಅಧ್ಯಯನಗಳಲ್ಲಿ ಕಾಫ್ರಿಯೆ ಕ್ರಮವನ್ನು ಸೇರಿಸಿದ್ದರಿಂದ ಸ್ನಾಯು ವ್ಯಾಯಾಮಕ್ಕಿಂತ ಹೆಚ್ಚಿನ ಲಾಭ ಕಂಡಿಲ್ಲ. ಬಸುರಿಯರಿಗೆ, ರಕ್ತದೊತ್ತಡ ಹೆಚ್ಚಿರುವವರಿಗೆ ಇದು ಸಲ್ಲದು.

ಹೊಲ, ಮನೆಯಲ್ಲಿ ಎರಡನ್ನೂ ಸೇರಿಸಲು ಸುಲಭ ದಾರಿಯಿದೆ. ಕೊಡ ಎತ್ತುವ, ಕೆಮ್ಮುವ ಮುನ್ನ ತಳದ ಸ್ನಾಯುವನ್ನು ಬಿಗಿಹಿಡಿದು, ಉಸಿರು ಬಿಡುತ್ತ ಎತ್ತಬೇಕು. ಅಡಿಕೆ ಸುಲಿಯಲು ಎತ್ತರದ ಮಣೆ ಬೆನ್ನಿಗೆ ಆಸರೆ. ಮಲಬದ್ಧತೆಯಲ್ಲಿ ಮುಕ್ಕುವುದನ್ನು ಬಿಡುವುದು ಎಲ್ಲಕ್ಕಿಂತ ಮುಖ್ಯ.

ಅಂಗ ಹೊರಗೇ ಉಳಿದಾಗ ಯೋನಿಯೊಳಗೆ ಕೂರಿಸುವ ಸಿಲಿಕಾನ್ ಉಂಗುರ, ಅದಕ್ಕೂ ಬಗ್ಗದಿದ್ದರೆ ಶಸ್ತ್ರಚಿಕಿತ್ಸೆ. ರಕ್ತಸ್ರಾವ, ಹುಣ್ಣು, ಮೂತ್ರ ಕಟ್ಟುವುದು ಇದ್ದರೆ ವ್ಯಾಯಾಮಕ್ಕೆ ಕಾಯದೆ ವೈದ್ಯರನ್ನು ಕಾಣಬೇಕು. ಆರಂಭದ ಹಂತದಲ್ಲೇ ಗರ್ಭಕೋಶ ತೆಗೆಸುವ ಸಲಹೆ ಬಂದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳುವುದು ಒಳಿತು; ಗರ್ಭಕೋಶ ತೆಗೆದ ಮೇಲೂ ಯೋನಿಯ ಮೇಲ್ಭಾಗ ಜಾರುವುದುಂಟು.