ಯಾವ ನೂರಕ್ಕೆ ಎಷ್ಟು?

ಶೇಕಡಾ ಲೆಕ್ಕವನ್ನು ಎಲ್ಲರೂ ಶಾಲೆಯಲ್ಲಿಯೇ ಕಲಿತಿರುತ್ತಾರೆ. ಬಡ್ಡಿಯ ದರ, ಅಂಗಡಿಯ ರಿಯಾಯಿತಿ, ಮಕ್ಕಳ ಅಂಕಪಟ್ಟಿ, ಹೀಗೆ ಅದರ ಗೊಡವೆಯಿಲ್ಲದ ದಿನವಿಲ್ಲ. ಆದರೂ ಸಮೀಕ್ಷೆಯ ಕೋಷ್ಟಕವೊಂದು ಎದುರಿಗೆ ಬಂದಾಗ ವಿದ್ಯಾವಂತರೂ ಎಡವುತ್ತಾರೆ. ಎಡವುವುದು ಭಾಗಾಕಾರದಲ್ಲಲ್ಲ, ಯಾವ ಸಂಖ್ಯೆಯಿಂದ ಭಾಗಿಸಬೇಕೆಂಬ ನಿರ್ಣಯದಲ್ಲಿ. ನೂರು ಎಂದು ಭಾವಿಸಿಕೊಳ್ಳುವ ಆ ಒಟ್ಟು ಸಂಖ್ಯೆಯನ್ನು 'ಆಧಾರಸಂಖ್ಯೆ' ಎನ್ನಬಹುದು. ಆಧಾರ ಬದಲಾದರೆ ಅರ್ಥವೂ ಬದಲಾಗುತ್ತದೆ.

ಹೊರನಾಡ ಕನ್ನಡಿಗರಿಗೆ ಹತ್ತಿರದ ಉದಾಹರಣೆಯನ್ನೇ ನೋಡಬಹುದು. 2011ರ ಜನಗಣತಿಯಂತೆ ಮಹಾರಾಷ್ಟ್ರದಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು 10 ಲಕ್ಷ. ರಾಜ್ಯದ 11.24 ಕೋಟಿ ಜನರಲ್ಲಿ ಇದು ಶೇಕಡಾ 0.9 ಮಾತ್ರ. ಇಡೀ ದೇಶದ 4.37 ಕೋಟಿ ಕನ್ನಡಿಗರಲ್ಲಿ ಶೇಕಡಾ 2.3. ಕರ್ನಾಟಕದ ಹೊರಗಿರುವ ಸುಮಾರು 30 ಲಕ್ಷ ಕನ್ನಡಿಗರಲ್ಲಿಯಾದರೋ ಶೇಕಡಾ 33. ಜನ ಅವರೇ, ಮೂರು ಲೆಕ್ಕಗಳೂ ಸರಿಯೇ. ಠಾಣೆ ನೌಪಾಡಾದ ಗೋಖಲೆ ರಸ್ತೆಯಲ್ಲಿ ಕನ್ನಡದ ಮಾತು ಕಿವಿಗೆ ಬೀಳುವುದು ಅಪರೂಪವೇಕೆ ಎಂಬ ಪ್ರಶ್ನೆಗೆ ಮೊದಲನೆಯದು ಉತ್ತರ. ಹೊರನಾಡಿನ ವಾಚಕರಿಗಾಗಿ ಪುಸ್ತಕ ಅಚ್ಚು ಹಾಕಿಸುವವನು ಎಷ್ಟು ಪ್ರತಿಗಳನ್ನು ಮಹಾರಾಷ್ಟ್ರಕ್ಕೆ ಮೀಸಲಿಡಬೇಕು ಎಂಬುದಕ್ಕೆ ಮೂರನೆಯದು ಉತ್ತರ. ಪ್ರಶ್ನೆಯು ಆಧಾರವನ್ನು ನಿರ್ಣಯಿಸಬೇಕೇ ಹೊರತು, ನೋಡಲು ದೊಡ್ಡದಾದ ಅಂಕಿಯು ಪ್ರಶ್ನೆಯನ್ನು ನಿರ್ಣಯಿಸಬಾರದು.

ಇನ್ನು ಆರೋಗ್ಯದ ವಿಷಯ. ನೌಪಾಡಾದಲ್ಲಿ ಕನ್ನಡ ಬಂಧುಗಳಿಗಾಗಿ ಒಂದು ಭಾನುವಾರ ರಕ್ತದ ಸಕ್ಕರೆ ತಪಾಸಣಾ ಶಿಬಿರ ನಡೆಯಿತೆಂದು ಊಹಿಸಿಕೊಳ್ಳೋಣ. ಬಂದವರು 200 ಮಂದಿ: ಪುರುಷರು 120, ಸ್ತ್ರೀಯರು 80. ಸಕ್ಕರೆಯ ಅಂಶ ಹೆಚ್ಚಾಗಿ ಕಂಡುಬಂದವರು 54 ಮಂದಿ: ಪುರುಷರು 30, ಸ್ತ್ರೀಯರು 24. (ಇವು ವಿವರಣೆಗಾಗಿ ಕಲ್ಪಿಸಿದ ಅಂಕಿಗಳು.)

54ನ್ನು ಆಧಾರವಾಗಿ ಹಿಡಿದರೆ ಪುರುಷರು ಶೇಕಡಾ 56, ಸ್ತ್ರೀಯರು ಶೇಕಡಾ 44. "ಸಕ್ಕರೆ ಕಾಯಿಲೆ ಗಂಡಸರಿಗೇ ಹೆಚ್ಚು" ಎಂದು ವರದಿ ಬರೆಯಲು ಇಷ್ಟೇ ಸಾಕೆಂದು ತೋರುತ್ತದೆ. ಆದರೆ ಶಿಬಿರಕ್ಕೆ ಬಂದವರಲ್ಲಿ ಗಂಡಸರೇ ಹೆಚ್ಚಾಗಿದ್ದರು. 120 ಪುರುಷರಲ್ಲಿ 30 ಎಂದರೆ ಶೇಕಡಾ 25. 80 ಸ್ತ್ರೀಯರಲ್ಲಿ 24 ಎಂದರೆ ಶೇಕಡಾ 30. ತೀರ್ಮಾನ ತಲೆಕೆಳಗಾಯಿತು. ಇಂಥ ವರದಿಯನ್ನು ನಂಬಿ ಮುಂದಿನ ವರ್ಷದ ಶಿಬಿರವನ್ನು ಗಂಡಸರಿಗೆ ಮಾತ್ರ ಏರ್ಪಡಿಸಿದರೆ ನಷ್ಟ ಯಾರಿಗೆಂದು ಹೇಳಬೇಕಾಗಿಲ್ಲ.

ಇಲ್ಲಿ ಒಂದು ಸರಳ ನಿಯಮವಿದೆ. ಯಾವುದು ಕಾರಣವಾಗಿರಬಹುದೆಂದು ಪರಿಶೀಲಿಸುತ್ತೇವೆಯೋ ಅದರ ಪ್ರತಿಯೊಂದು ಗುಂಪಿನ ಒಟ್ಟು ಸಂಖ್ಯೆಯನ್ನೂ ನೂರೆಂದು ಭಾವಿಸಿ, ಬಳಿಕ ಗುಂಪು ಗುಂಪುಗಳನ್ನು ಹೋಲಿಸತಕ್ಕದ್ದು. ಲಿಂಗಭೇದದಿಂದ ಕಾಯಿಲೆಯಲ್ಲಿ ವ್ಯತ್ಯಾಸವಿದೆಯೇ ಎಂದು ತಿಳಿಯಬೇಕಾದರೆ ಪುರುಷರೆಲ್ಲ ಒಂದು ನೂರು, ಸ್ತ್ರೀಯರೆಲ್ಲ ಇನ್ನೊಂದು ನೂರು. ಹಾಗೆಂದು ಮೊದಲಿನ ಲೆಕ್ಕ ನಿರುಪಯೋಗಿಯಲ್ಲ. ಆ 54 ಮಂದಿಯನ್ನು ವೈದ್ಯರ ಬಳಿಗೆ ಮರುಪರೀಕ್ಷೆಗೆ ಕರೆಯುವಾಗ ಎಷ್ಟು ಗಂಡಸರು, ಎಷ್ಟು ಹೆಂಗಸರು ಬರಬಹುದೆಂದು ತಿಳಿಯಲು ಅದೇ ಬೇಕು.

ಒಟ್ಟಿನಲ್ಲಿ 200ಕ್ಕೆ 54, ಎಂದರೆ ಶೇಕಡಾ 27. ಇದನ್ನು "ನೌಪಾಡಾದ ಕನ್ನಡಿಗರಲ್ಲಿ ಶೇಕಡಾ 27" ಎನ್ನುವಂತಿಲ್ಲ. ಅದು ಶಿಬಿರಕ್ಕೆ ಬಂದವರ ಶೇಕಡಾ. ವಯಸ್ಸಾದವರು, ಈಗಾಗಲೇ ಅನುಮಾನವಿದ್ದವರು ಮುಂದಾಗಿ ಬಂದಿರುತ್ತಾರೆ. ವಾರವೆಲ್ಲ ಲೋಕಲ್ ಗಾಡಿಯಲ್ಲಿ ನಿಂತು ದಣಿದ ತರುಣರು ಭಾನುವಾರ ಮನೆ ಬಿಟ್ಟು ಹೊರಟಿರಲಾರರು. ಹಾಗೆಯೇ ನಮೂನೆಯ ಪ್ರಶ್ನೆಯೊಂದಕ್ಕೆ 40 ಮಂದಿ ಉತ್ತರಿಸದೆ ಬಿಟ್ಟು, 64 ಮಂದಿ 'ಹೌದು' ಎಂದಿದ್ದರೆ, ಬಂದವರಲ್ಲಿ ಅದು ಶೇಕಡಾ 32, ಉತ್ತರಿಸಿದವರಲ್ಲಿ ಶೇಕಡಾ 40. ಯಾವುದನ್ನು ಬಳಸಿದರೂ ಬಿಟ್ಟವರ ಸಂಖ್ಯೆಯನ್ನು ಮರೆಮಾಚಬಾರದು.

ಕಲ್ಪಿತ ಶಿಬಿರವನ್ನು ಬಿಟ್ಟು ನಿಜವಾದ ಸಮೀಕ್ಷೆಗೆ ಬಂದರೆ ಈ ವಿವೇಚನೆಯ ಬೆಲೆ ಇನ್ನೂ ಸ್ಪಷ್ಟವಾಗುತ್ತದೆ. ಮುಂಬಯಿಯ ದೇವನಾರ್‌ನಲ್ಲಿರುವ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯು ನಡೆಸಿದ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಸಿಸೇರಿಯನ್ ಹೆರಿಗೆಗಳ ವಿವರವಿದೆ. ಇಡೀ ದೇಶದ ಹೆರಿಗೆಗಳಲ್ಲಿ ಸಿಸೇರಿಯನ್ ಶೇಕಡಾ 21.5, ಸರಕಾರಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಶೇಕಡಾ 14.3, ಖಾಸಗಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಶೇಕಡಾ 47.4. ಸಾವಿರ ಹೆರಿಗೆಗಳಲ್ಲಿ 619 ಸರಕಾರಿ ಆಸ್ಪತ್ರೆಗಳಲ್ಲಿ, ಸುಮಾರು 267 ಖಾಸಗಿ ಆಸ್ಪತ್ರೆಗಳಲ್ಲಿ ಆಗಿದ್ದವು. ಉಳಿದವು ಬಹುಮಟ್ಟಿಗೆ ಮನೆಯ ಹೆರಿಗೆಗಳು. ಗುಣಿಸಿ ನೋಡಿದರೆ ಸಾವಿರಕ್ಕೆ 215 ಸಿಸೇರಿಯನ್‌ಗಳಲ್ಲಿ ಸುಮಾರು 127, ಎಂದರೆ ಶೇಕಡಾ 59, ಖಾಸಗಿ ಆಸ್ಪತ್ರೆಗಳಲ್ಲಿ ಆದಂತಾಯಿತು.

ಶೇಕಡಾ 21.5, 47.4, 59 — ಮೂರೂ ಸತ್ಯ, ಆಧಾರ ಮಾತ್ರ ಬೇರೆ ಬೇರೆ. ಖಾಸಗಿ ಆಸ್ಪತ್ರೆಗೆ ಮಗಳನ್ನು ಸೇರಿಸಹೊರಟ ಕುಟುಂಬವು "ಅಲ್ಲಿ ನೂರಕ್ಕೆ 59 ಶಸ್ತ್ರಕ್ರಿಯೆ" ಎಂದು ಗಾಬರಿಗೊಂಡರೆ ಅದು ತಪ್ಪು. 59 ಎಂಬುದು ಸಿಸೇರಿಯನ್‌ಗಳಲ್ಲಿ ಖಾಸಗಿ ಆಸ್ಪತ್ರೆಗಳ ಪಾಲು.

ಇನ್ನೊಂದು ಎಚ್ಚರಿಕೆಯೂ ಅವಶ್ಯ. ಯಾವ ಪ್ರದೇಶದಲ್ಲಿಯೂ ಸಿಸೇರಿಯನ್ ಪ್ರಮಾಣವು ಶೇಕಡಾ 10ರಿಂದ 15ನ್ನು ಮೀರುವುದಕ್ಕೆ ಸಮರ್ಥನೆಯಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ ಕೂಡಿದ ತಜ್ಞರು 1985ರಲ್ಲಿ ಅಭಿಪ್ರಾಯಪಟ್ಟಿದ್ದರು. ಅದರ ಆಧಾರ ಒಂದು ಪ್ರದೇಶದ ಎಲ್ಲ ಹೆರಿಗೆಗಳು. ತೊಡಕಿನ ಬಸುರಿಯರನ್ನು ಸುತ್ತಲಿನ ಊರುಗಳಿಂದ ಕಳುಹಿಸಿಕೊಡುವ ದೊಡ್ಡ ಆಸ್ಪತ್ರೆಗೆ ಆ ಅಳತೆಗೋಲು ಸಲ್ಲದು. ಆಸ್ಪತ್ರೆಗಳನ್ನು ಹೋಲಿಸುವಾಗ ಬಸುರಿಯರನ್ನು 10 ಗುಂಪುಗಳಾಗಿ ವಿಂಗಡಿಸಿ, ಚೊಚ್ಚಲು ಹೆರಿಗೆಯನ್ನು ಚೊಚ್ಚಲಿನೊಂದಿಗೆ, ಅವಳಿಯನ್ನು ಅವಳಿಯೊಂದಿಗೆ ಹೋಲಿಸುವ ರಾಬ್ಸನ್ ಪದ್ಧತಿಯನ್ನು ಅದೇ ಸಂಸ್ಥೆ 2015ರಲ್ಲಿ ಸೂಚಿಸಿತು. ಅಗತ್ಯವಿರುವ ಪ್ರತಿ ತಾಯಿಗೂ ಶಸ್ತ್ರಕ್ರಿಯೆ ದೊರೆಯಬೇಕೆಂಬುದೇ ಮುಖ್ಯ, ಇಂತಿಷ್ಟೇ ಶೇಕಡಾ ಸಾಧಿಸಬೇಕೆಂಬುದಲ್ಲ ಎಂದೂ ಅದು ತಿಳಿಸಿತು. ಆದುದರಿಂದ ವೈದ್ಯರು ಶಸ್ತ್ರಕ್ರಿಯೆ ಬೇಕೆಂದಾಗ ಕುಟುಂಬದವರು ಸರಾಸರಿಯನ್ನು ಮುಂದಿಟ್ಟು ವಾದಿಸುವುದೂ ಸಲ್ಲ, ಏನನ್ನೂ ಕೇಳದೆ ತಲೆಯಾಡಿಸುವುದೂ ಸಲ್ಲ. "ಇವಳಂಥ ಸ್ಥಿತಿಯಲ್ಲಿರುವವರಲ್ಲಿ ಎಷ್ಟು ಮಂದಿಗೆ ಬೇಕಾಗುತ್ತದೆ? ಇವಳಿಗೆ ಏಕೆ?" ಎಂದು ಕೇಳುವುದು ಯುಕ್ತ. ಆ ಪ್ರಶ್ನೆಯಲ್ಲಿ ಸರಿಯಾದ ಆಧಾರಸಂಖ್ಯೆ ಅಡಗಿದೆ.

ಸಂಘ ಸಂಸ್ಥೆಗಳು ಸಮೀಕ್ಷೆ ನಡೆಸಿದಾಗ ಪ್ರತಿಯೊಂದು ಶೇಕಡಾದ ಪಕ್ಕದಲ್ಲಿ 'ಇಷ್ಟು ಮಂದಿಯಲ್ಲಿ' ಎಂದು ನಮೂದಿಸುವ ಪದ್ಧತಿಯನ್ನು ಇಟ್ಟುಕೊಳ್ಳುವುದು ಒಳ್ಳೆಯದು. 4 ಮಂದಿಯಲ್ಲಿ ಇಬ್ಬರೂ ಶೇಕಡಾ 50, 400 ಮಂದಿಯಲ್ಲಿ 200ರೂ ಶೇಕಡಾ 50. ಎರಡಕ್ಕೂ ಒಂದೇ ತೂಕವಿಲ್ಲ. ಒಬ್ಬರೇ ಹಲವು ಉತ್ತರ ಕೊಡಬಹುದಾದ ಪ್ರಶ್ನೆಯಲ್ಲಿ ಶೇಕಡಾಗಳ ಮೊತ್ತ 100ನ್ನು ಮೀರುವುದು ಸಹಜವೆಂದೂ ತಿಳಿಸಿರಬೇಕು. ಪತ್ರಿಕೆಯಲ್ಲಿ, ಜಾಹೀರಾತಿನಲ್ಲಿ, ವರದಿಯಲ್ಲಿ ಶೇಕಡಾ ಕಂಡಾಗಲೆಲ್ಲ ವಾಚಕರು 'ಎಷ್ಟು?' ಎಂಬುದಕ್ಕೆ ಮೊದಲು 'ಯಾರಲ್ಲಿ?' ಎಂದು ಕೇಳುವುದನ್ನು ರೂಢಿಸಿಕೊಂಡರೆ, ಅರ್ಧದಷ್ಟು ಭಯವೂ ಅರ್ಧದಷ್ಟು ಭ್ರಮೆಯೂ ತಾವಾಗಿಯೇ ಕಳೆದಾವು.