ಒಂದು ಬೆಟ್ಟ, ಎರಡು ಹೊಳೆ, ನಮ್ಮೂರಿಗೊಂದು ಮ್ಯೂಸಿಯಂ

ಮ್ಯೂಸಿಯಂ ಎಂದರೆ ನಮ್ಮಲ್ಲಿ ಬಹಳ ಜನರಿಗೆ ನೆನಪಾಗುವುದು ಶಾಲಾ ಪ್ರವಾಸ. ಎರಡು ಸಾಲು, ಹಿಂದಿನಿಂದ ಮೇಷ್ಟ್ರ ಗದರಿಕೆ, ‘ಮುಟ್ಟಬೇಡಿ’ ಎಂಬ ಫಲಕ, ಗಾಜಿನ ಹಿಂದೆ ದೂಳು ಹಿಡಿದ ಒಂದು ಹುಲಿ. ಬೇಗಬೇಗ ಒಂದು ಸುತ್ತು ಹಾಕಿ ಹೊರಗೆ ಐಸ್‌ಕ್ರೀಂ ಗಾಡಿ ಮುಂದೆ ನಿಂತರೆ ಅಲ್ಲಿಗೆ ಮುಗಿಯಿತು. ಆ ಹುಲಿಯನ್ನು ಅಲ್ಲೇ ಯಾಕೆ ಇಟ್ಟರು, ಪಕ್ಕದಲ್ಲಿ ಜಿಂಕೆಯನ್ನೇ ಯಾಕೆ ಇಟ್ಟರು, ದೀಪವನ್ನು ಯಾಕೆ ಅಷ್ಟು ಮಂದ ಮಾಡಿದರು ಎಂದು ಯಾರೂ ಕೇಳುವುದಿಲ್ಲ. ಆದರೆ ಒಳ್ಳೆಯ ಮ್ಯೂಸಿಯಂನಲ್ಲಿ ಇದೆಲ್ಲವನ್ನೂ ಯಾರೋ ತಿಂಗಳುಗಟ್ಟಲೆ ಕುಳಿತು ಯೋಚಿಸಿರುತ್ತಾರೆ. ಹಾಗೆ ಯೋಚಿಸುವುದೇ ಒಂದು ವೃತ್ತಿ ಎಂಬುದು ನಮ್ಮ ವಯಸ್ಸಿನ ಎಷ್ಟೋ ಜನರಿಗೆ ಗೊತ್ತಿಲ್ಲ.

ಈ ವೃತ್ತಿ ಹೇಗೆ ಬದಲಾಗಿದೆ ಎಂದು ನೋಡಲು ದೂರ ಹೋಗಬೇಕಿಲ್ಲ, ಮೈಸೂರು ಸಾಕು. ಅಲ್ಲಿ 1900ರ ಆಸುಪಾಸಿನಲ್ಲಿ ಶುರುವಾದ ವ್ಯಾನ್ ಇಂಗೆನ್ ಸಂಸ್ಥೆ, ಮಹಾರಾಜರು ಮತ್ತು ಬ್ರಿಟಿಷ್ ಅಧಿಕಾರಿಗಳು ಬೇಟೆಯಾಡಿದ ಸಾವಿರಾರು ಹುಲಿ, ಚಿರತೆಗಳ ಚರ್ಮವನ್ನು ಅಚ್ಚಿನ ಮೇಲೆ ಹೊದಿಸಿ ಜೀವಂತದಂತೆ ನಿಲ್ಲಿಸುತ್ತಿತ್ತು. ಜಗತ್ತಿನ ನಾನಾ ಕಡೆ ಇವತ್ತಿಗೂ ಅವರ ಕೈಕೆಲಸ ಗೋಡೆಗಳ ಮೇಲಿದೆ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, ಬೇಟೆ ನಿಂತಿತು. 1999ರಲ್ಲಿ ಆ ಸಂಸ್ಥೆಯ ಬಾಗಿಲೂ ಮುಚ್ಚಿತು. ಅದಕ್ಕೆ ನಾಲ್ಕು ವರ್ಷ ಮೊದಲು, 1995ರಲ್ಲಿ, ಅದೇ ಊರಿನ ಕಾರಂಜಿ ಕೆರೆಯ ದಡದಲ್ಲಿ ಕೇಂದ್ರ ಪರಿಸರ ಸಚಿವಾಲಯದ ಪ್ರಾದೇಶಿಕ ನಿಸರ್ಗ ಇತಿಹಾಸ ಮ್ಯೂಸಿಯಂ ತೆರೆದಿತ್ತು. ಒಂದು ಕಡೆ, ‘ನೋಡಿ, ನಾವು ಏನನ್ನು ಹೊಡೆದೆವು’ ಎನ್ನುವ ಪ್ರದರ್ಶನ. ಇನ್ನೊಂದು ಕಡೆ, ‘ನೋಡಿ, ಇವೆಲ್ಲ ಹೇಗೆ ಒಂದಕ್ಕೊಂದು ಅಂಟಿಕೊಂಡು ಬದುಕುತ್ತವೆ’ ಎನ್ನುವ ಪ್ರದರ್ಶನ. ಹುಲಿ ಅದೇ ಹುಲಿ, ಆದರೆ ಅದು ಹೇಳುವ ಮಾತು ಬೇರೆಯಾಯಿತು.

ಲಂಡನ್ನಿನಲ್ಲೂ ಇಂಥದ್ದೇ ಒಂದು ಬದಲಾವಣೆ ಆಗಿದೆ. ಅಲ್ಲಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಮುಖ್ಯ ಹಜಾರದಲ್ಲಿ ವರ್ಷಾನುಗಟ್ಟಲೆ ಜನರನ್ನು ಎದುರುಗೊಳ್ಳುತ್ತಿದ್ದದ್ದು ಡಿಪ್ಲೊಡೊಕಸ್ ಎಂಬ ಡೈನೊಸಾರ್ ಅಸ್ಥಿಪಂಜರದ ಪ್ರತಿಕೃತಿ. ಮಕ್ಕಳಿಗೆ ಅದೆಂದರೆ ಪ್ರಾಣ. 2017ರಲ್ಲಿ ಅದನ್ನು ಇಳಿಸಿ, ಆ ಜಾಗದಲ್ಲಿ 25 ಮೀಟರ್ ಉದ್ದದ ನೀಲಿ ತಿಮಿಂಗಿಲದ ನಿಜವಾದ ಅಸ್ಥಿಪಂಜರವನ್ನು, ನೀರಿಗೆ ಧುಮುಕುವ ಭಂಗಿಯಲ್ಲಿ ಚಾವಣಿಗೆ ತೂಗುಹಾಕಿದರು. ಡೈನೊಸಾರ್ ಕಳೆದುಹೋದ ಕಾಲದ ಕಥೆ. ತಿಮಿಂಗಿಲವಾದರೋ, ಮನುಷ್ಯರು ಬೇಟೆಯಾಡಿ ಬಹುತೇಕ ಮುಗಿಸಿಯೇಬಿಟ್ಟಿದ್ದರೂ ಮನಸ್ಸು ಮಾಡಿ ಉಳಿಸಿದ ಜೀವಿ. ಬಾಗಿಲಲ್ಲಿ ಏನನ್ನು ನಿಲ್ಲಿಸುತ್ತೇವೆ ಎನ್ನುವುದೇ ಮ್ಯೂಸಿಯಂ ಆಡುವ ಮೊದಲ ಮಾತು.

ಮೊದಲು ಒಂದು ವಾಕ್ಯ

ಪ್ರದರ್ಶನ ರೂಪಿಸುವವರು ಮೊದಲು ಮಾಡುವ ಕೆಲಸ ವಸ್ತು ಕೂಡಿಡುವುದಲ್ಲ, ಒಂದು ವಾಕ್ಯ ಬರೆಯುವುದು. ಇಡೀ ಪ್ರದರ್ಶನ ಏನು ಹೇಳುತ್ತದೆ ಎಂಬುದು ಆ ಒಂದು ವಾಕ್ಯದಲ್ಲಿ ಬರಬೇಕು. ‘ತುಮಕೂರು ಜಿಲ್ಲೆಯ ಪ್ರಾಣಿ ಪಕ್ಷಿಗಳು’ ಎನ್ನುವುದು ಬರೀ ವಿಷಯ, ಅದರಲ್ಲಿ ಮಾತಿಲ್ಲ. ಅಂಥ ತಲೆಬರಹ ಇಟ್ಟುಕೊಂಡರೆ ನವಿಲೂ ಬೇಕು, ಮುಂಗುಸಿಯೂ ಬೇಕು, ಚಿಟ್ಟೆಯೂ ಬೇಕು, ಕೊನೆಗೆ ಯಾವುದೂ ನೆನಪಿನಲ್ಲಿ ಉಳಿಯುವುದಿಲ್ಲ.

ನಮ್ಮ ಜಿಲ್ಲೆಗೆ ಅಂಥ ವಾಕ್ಯ ಯಾವುದಿರಬಹುದು ಎಂದು ನಾನು ಆಗಾಗ ಯೋಚಿಸುತ್ತೇನೆ. ಸದಾಶಿವನಗರದ ನಮ್ಮ ಮನೆಯಿಂದ ದೇವರಾಯನದುರ್ಗಕ್ಕೆ ಬೈಕಿನಲ್ಲಿ ಹೋಗಿಬರುವುದು ಒಂದು ಬೆಳಗಿನ ಕೆಲಸ. ನಾವೆಲ್ಲ ನಾಮದ ಚಿಲುಮೆಯಲ್ಲಿ ಫೋಟೊ ತೆಗೆಸಿಕೊಂಡು ವಾಪಸ್ ಬರುತ್ತೇವೆ. ಆದರೆ ಆ ಬೆಟ್ಟಸಾಲಿನಿಂದ ಎರಡು ಹೊಳೆಗಳು ಹುಟ್ಟುತ್ತವೆ. ಜಯಮಂಗಲಿ ಉತ್ತರಕ್ಕೆ ಹೊರಟು ಕೊರಟಗೆರೆ, ಮಧುಗಿರಿ ಸೀಮೆಗಳನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಶಿಂಷಾ ದಕ್ಷಿಣದ ದಾರಿ ಹಿಡಿದು ಗುಬ್ಬಿ ತಾಲ್ಲೂಕಿನ ಕಡಬ ಕೆರೆ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ ದಾಟಿ ಕಾವೇರಿಗೆ ಹೋಗುತ್ತದೆ. ಒಂದು ಹೊಳೆಯ ಹೆಸರು ಹೊತ್ತ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳು ಓಡುತ್ತವೆ. ಇನ್ನೊಂದರ ಬದಿಯಲ್ಲಿ ಕೆರೆ, ಗದ್ದೆ, ತೆಂಗಿನ ತೋಟ.

ಅಲ್ಲಿಗೆ ವಾಕ್ಯ ಸಿಕ್ಕಿತು: ‘ಒಂದೇ ಬೆಟ್ಟದಿಂದ ಹೊರಟ ಎರಡು ಹೊಳೆಗಳು ತುಮಕೂರಿಗೆ ಎರಡು ಬಗೆಯ ಬದುಕು ಕೊಟ್ಟಿವೆ’. ಪ್ರದರ್ಶನದ ನಕ್ಷೆಯೂ ಅದರಲ್ಲೇ ಇದೆ. ಬಾಗಿಲಲ್ಲಿ ಬೆಟ್ಟ. ಅಲ್ಲಿಂದ ಎಡಕ್ಕೊಂದು, ಬಲಕ್ಕೊಂದು ದಾರಿ. ನೆಲದ ಮೇಲೆ ನೀಲಿ ಗೆರೆ ಹಿಡಿದು ಮಕ್ಕಳೇ ನಡೆಯುತ್ತಾರೆ. ಈ ವಾಕ್ಯಕ್ಕೆ ಹೊಂದದ್ದನ್ನು, ಎಷ್ಟೇ ಚೆಂದವಿದ್ದರೂ, ಹೊರಗಿಡಬೇಕು. ಈ ಕೆಲಸದಲ್ಲಿ ಅತಿ ಕಷ್ಟದ್ದು ಅದೇ.

ಗೋಡೆಯ ಮೇಲೆ 250 ಕೋಟಿ ವರ್ಷ

ವೈಜ್ಞಾನಿಕ ಸಂಗತಿಯನ್ನು ಕಣ್ಣಿಗೆ ಕಾಣುವಂತೆ ಮಾಡುವುದು ಎರಡನೆಯ ಹಂತ. ನಮ್ಮ ಜಿಲ್ಲೆಯ ಮೂಲಕ ಹಾದುಹೋಗುವ ಕ್ಲೋಸ್‌ಪೇಟೆ ಗ್ರಾನೈಟ್ ಶಿಲೆಗೆ ಸುಮಾರು 250 ಕೋಟಿ ವರ್ಷ. ಫಲಕದಲ್ಲಿ ಇದನ್ನು ಬರೆದರೆ ಓದಿದವರು ‘ಓಹೋ’ ಎಂದು ಮುಂದೆ ಹೋಗುತ್ತಾರೆ. ಬದಲಿಗೆ 25 ಮೀಟರ್ ಉದ್ದದ ಗೋಡೆಯ ಮೇಲೆ ಒಂದು ಗೆರೆ ಎಳೆಯಿರಿ. ಒಂದು ಕೋಟಿ ವರ್ಷಕ್ಕೆ 10 ಸೆಂ.ಮೀ. ಶಿಲೆ ಹುಟ್ಟಿದ್ದು ಗೋಡೆಯ ಆ ತುದಿಯಲ್ಲಿ. ಡೈನೊಸಾರ್‌ಗಳು ಅಳಿದದ್ದು ಈ ತುದಿಗೆ ಬರೀ 66 ಸೆಂ.ಮೀ. ಇರುವಾಗ. ಮೂರು ಲಕ್ಷ ವರ್ಷದ ನಮ್ಮ ಮನುಷ್ಯ ಕುಲಕ್ಕೆ ಸಿಗುವುದು ಕೊನೆಯ 3 ಮಿ.ಮೀ. ಗೆರೆಯ ಕೆಳಗೆ ಗ್ರಾನೈಟ್ ಬಂಡೆಯ ಒಂದು ತುಂಡನ್ನು ಇಟ್ಟು, ‘ದಯವಿಟ್ಟು ಮುಟ್ಟಿ’ ಎಂದು ಬರೆದರೆ ಸಾಕು. ಕಲ್ಲನ್ನು ಮುಟ್ಟಿದರೆ ಏನೂ ಸವೆಯುವುದಿಲ್ಲ. ಕಣ್ಣು ಕಾಣದವರಿಗೂ ಅದು ಅರ್ಥವಾಗುತ್ತದೆ.

ಪ್ರಾಣಿಯ ಜೊತೆಗೆ ಅದರ ಪರಿಸರವನ್ನೂ ಕಟ್ಟಿ ತೋರಿಸುವ ‘ಡಯೊರಾಮ’ ಹುಟ್ಟಿದ್ದೂ ಇದೇ ಯೋಚನೆಯಿಂದ. ಅಮೆರಿಕದ ಕಾರ್ಲ್ ಏಕ್ಲಿ 1890ರಲ್ಲಿ ಮಿಲ್ವಾಕೀ ಮ್ಯೂಸಿಯಂನಲ್ಲಿ ಮಸ್ಕ್‌ರ್‍ಯಾಟ್ ಎಂಬ ಸಣ್ಣ ಪ್ರಾಣಿಗಳನ್ನು ಅವುಗಳ ಗೂಡು, ನೀರು, ಜೊಂಡಿನ ಸಮೇತ ತೋರಿಸಿದರು. ಹಿಂದೆ ಬಾಗಿದ ಗೋಡೆಯ ಮೇಲೆ ಚಿತ್ರ, ಮುಂದೆ ನಿಜವಾದ ಮಣ್ಣು ಮತ್ತು ಕೃತಕ ಎಲೆ, ಎರಡೂ ಸೇರುವ ಗೆರೆ ಕಾಣದಂತೆ ಬೆಳಕು. ಡಯೊರಾಮಗಳು ಹೀಗೆ ಕಣ್ಣಿಗೆ ಆಳದ ಭ್ರಮೆ ಕೊಡುತ್ತವೆ. ಇಲ್ಲಿ ವಿಜ್ಞಾನಿಯಷ್ಟೇ ಚಿತ್ರಕಾರ, ಬಡಗಿ, ಎಲೆಕ್ಟ್ರೀಷಿಯನ್ ಕೂಡ ಮುಖ್ಯ.

‘ಅಕ್ಕಾ, ಇದು ಕೋತಿ ಮರೀನಾ?’

ಮೂರನೆಯದು ಬರಹ. ನಮ್ಮ ಬೀದಿಯ ಮಕ್ಕಳಿಗೆ ಒಮ್ಮೆ ಮೊಬೈಲಿನಲ್ಲಿ ಚಿತ್ರಗಳನ್ನು ತೋರಿಸುತ್ತಿದ್ದೆ. ಸಿಂಹ, ಜೀಬ್ರಾ, ಜಿರಾಫೆ, ಪೆಂಗ್ವಿನ್ ಎಲ್ಲಕ್ಕೂ ಫಟಾಫಟ್ ಉತ್ತರ ಬಂತು. ಕಾಡುಪಾಪದ ಚಿತ್ರ ಬಂದಾಗ ಒಬ್ಬ ಹುಡುಗ, ‘ಅಕ್ಕಾ, ಇದು ಕೋತಿ ಮರೀನಾ?’ ಎಂದ. ದೊಡ್ಡ ದುಂಡು ಕಣ್ಣಿನ, ಕಾಲು ಕೆ.ಜಿ. ಆಸುಪಾಸಿನ ಈ ನಿಶಾಚರಿ ನಮ್ಮ ತಾಲ್ಲೂಕಿನ ನಾಗವಲ್ಲಿಯ ಸುತ್ತಮುತ್ತಲೇ ಇದೆ. ಆಫ್ರಿಕಾ ಗೊತ್ತು, ನಾಗವಲ್ಲಿ ಗೊತ್ತಿಲ್ಲ. ತಪ್ಪು ಮಕ್ಕಳದಲ್ಲ, ಅವರಿಗೆ ಇದನ್ನು ಯಾರೂ ತೋರಿಸಿಲ್ಲ.

ಹಾಗಾದರೆ ಕಾಡುಪಾಪದ ಫಲಕದಲ್ಲಿ ಏನು ಬರೆಯಬೇಕು? ಸಾಮಾನ್ಯವಾಗಿ ಹೀಗಿರುತ್ತದೆ: ‘ಸದರಿ ಪ್ರಾಣಿಯು ಪ್ರೈಮೇಟ್ ಗಣಕ್ಕೆ ಸೇರಿದ್ದು, ನಿಶಾಚರಿಯಾಗಿದ್ದು, ಕೀಟಾಹಾರಿಯಾಗಿರುತ್ತದೆ’. ಎಲ್ಲವೂ ಸರಿ, ಆದರೆ ನಿಂತು ಓದುವವರು ಯಾರು? ಅದನ್ನೇ ಹೀಗೆ ಬರೆದರೆ: ‘ನನಗೆ ಜಿಗಿಯಲು ಬರುವುದಿಲ್ಲ. ಕೊಂಬೆಯಿಂದ ಕೊಂಬೆಗೆ ಹಿಡಿದುಕೊಂಡೇ ದಾಟಬೇಕು. ರಸ್ತೆ ಅಗಲ ಮಾಡಲು ನಡುವಿನ ಮರ ಕಡಿದರೆ ನನ್ನ ದಾರಿ ಅಲ್ಲಿಗೇ ಮುಗಿಯಿತು’. ನಾಲ್ಕೇ ಸಾಲು. ಓದಿದ ಮಗು ಮನೆಗೆ ಹೋಗುವಾಗ ರಸ್ತೆ ಬದಿಯ ಮರಗಳ ನಡುವಿನ ಅಂತರ ನೋಡುತ್ತದೆ. ತಮಿಳುನಾಡು 2022ರಲ್ಲಿ ಕರೂರು, ದಿಂಡಿಗಲ್ ಜಿಲ್ಲೆಗಳಲ್ಲಿ ಕಾಡುಪಾಪಕ್ಕೆಂದೇ ದೇಶದ ಮೊದಲ ಅಭಯಾರಣ್ಯ ಘೋಷಿಸಿತು. ಅಂಥ ನಿರ್ಧಾರಗಳ ಹಿಂದೆ, ಆ ಪ್ರಾಣಿಯ ಹೆಸರು ಗೊತ್ತಿರುವ ಜನ ಇರಬೇಕಾಗುತ್ತದೆ.

ಫಲಕವನ್ನು ಎಲ್ಲಿ ಇಡಬೇಕು ಎನ್ನುವುದೂ ಸಣ್ಣ ವಿಷಯವಲ್ಲ. ಬಾಸ್ಟನ್ನಿನ ಬೆಂಜಮಿನ್ ಗಿಲ್ಮನ್ 1916ರಲ್ಲೇ ‘ಮ್ಯೂಸಿಯಂ ದಣಿವು’ ಎಂಬ ಬಗ್ಗೆ ಬರೆದಿದ್ದರು. ಪೆಟ್ಟಿಗೆಯೊಳಗಿನ ವಸ್ತು ನೋಡಲು, ಚೀಟಿ ಓದಲು ಮನುಷ್ಯ ಹೇಗೆಲ್ಲ ಬಗ್ಗಿ, ಕುಕ್ಕರಗಾಲಲ್ಲಿ ಕೂತು ಒದ್ದಾಡುತ್ತಾನೆ ಎಂಬುದನ್ನು ಫೋಟೊ ಸಮೇತ ತೋರಿಸಿದರು. ಹೀಗಾಗಿಯೇ ಈಗ ಅನುಭವಸ್ಥರು ಮೊದಲು ರಟ್ಟು, ಪ್ರಿಂಟೌಟ್‌ಗಳಲ್ಲಿ ಒಂದು ಕಚ್ಚಾ ಮಾದರಿ ಮಾಡಿ, ಜನರನ್ನು ಕರೆದು ತೋರಿಸಿ, ಅವರು ಎಲ್ಲಿ ನಿಲ್ಲುತ್ತಾರೆ, ಎಲ್ಲಿ ತಪ್ಪು ತಿಳಿಯುತ್ತಾರೆ ಎಂದು ನೋಡುತ್ತಾರೆ. ರಟ್ಟು ಬದಲಿಸಲು ಹತ್ತು ರೂಪಾಯಿ, ಗಾಜು ಬದಲಿಸಲು ಹತ್ತು ಸಾವಿರ.

ಕಾನೂನು, ಬೆಳಕು, ಬೆಂಕಿ

ಉತ್ಸಾಹ ಬಂತೆಂದು ಕಾಡಿನಿಂದ ಏನಾದರೂ ಹೊತ್ತುಕೊಂಡು ಬರುವಂತಿಲ್ಲ. ಕೃಷ್ಣಮೃಗವೂ ಕಾಡುಪಾಪವೂ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಸತ್ತು ಬಿದ್ದ ವನ್ಯಪ್ರಾಣಿ, ಅದರ ಕೊಂಬು, ಚರ್ಮ ಕೂಡ ಸರ್ಕಾರದ ಸ್ವತ್ತು. ಅನುಮತಿ ಇಲ್ಲದೆ ಇಟ್ಟುಕೊಳ್ಳುವುದು ಅಪರಾಧ. ಆದ್ದರಿಂದ ಹೊಸ ಪ್ರದರ್ಶನಗಳು ಫೈಬರ್ ಮಾದರಿ, ಫೋಟೊ, ಧ್ವನಿಮುದ್ರಣ, ಪ್ಲಾಸ್ಟರ್‌ನಲ್ಲಿ ತೆಗೆದ ಹೆಜ್ಜೆಗುರುತಿನ ಅಚ್ಚುಗಳನ್ನು ನೆಚ್ಚಿಕೊಳ್ಳುತ್ತವೆ. ಇದು ಕೊರತೆಯಲ್ಲ. ಪ್ರಾಣಿಯನ್ನು ಕೊಲ್ಲದೆ ಪ್ರಾಣಿಯ ಬಗ್ಗೆ ಹೇಳುವ ದಾರಿ.

ಹಳೆಯ ಮಾದರಿಗಳಿದ್ದರೆ ಅವನ್ನು ಉಳಿಸುವುದೇ ದೊಡ್ಡ ಕೆಲಸ. ಗರಿ, ತುಪ್ಪಳದ ಬಣ್ಣ ಬೆಳಕಿಗೆ ಮಾಸುತ್ತದೆ. ಅದಕ್ಕೇ ಅಂಥ ವಸ್ತುಗಳ ಮೇಲೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದು ಎಂಬ ರೂಢಿ ಇದೆ. ಆ ಮಂದ ದೀಪಕ್ಕೆ ಕಾರಣ ಇದೇ. ಇನ್ನು ಬೆಂಕಿ. ದೆಹಲಿಯಲ್ಲಿ 1978ರ ಜೂನ್ 5ರಂದು ತೆರೆದ ರಾಷ್ಟ್ರೀಯ ನಿಸರ್ಗ ಇತಿಹಾಸ ಮ್ಯೂಸಿಯಂ 2016ರ ಏಪ್ರಿಲ್ 26ರ ಬೆಳಗಿನ ಜಾವ ಸುಟ್ಟುಹೋಯಿತು. ಸುಮಾರು ನಾಲ್ಕು ದಶಕದ ಸಂಗ್ರಹ ಒಂದೇ ದಿನದಲ್ಲಿ ನಾಶವಾಯಿತು. ಮೈಸೂರಿನ ಮ್ಯೂಸಿಯಂ ಅದರದೇ ಶಾಖೆ. ವೈರಿಂಗ್, ನೀರಿನ ಪೈಪು, ತುರ್ತು ಬಾಗಿಲು ಕೂಡ ವಿನ್ಯಾಸದ ಭಾಗವೇ ಎಂಬುದಕ್ಕೆ ಇದಕ್ಕಿಂತ ಪಾಠ ಬೇಕಿಲ್ಲ.

ನಾವು ಎಲ್ಲಿಂದ ಶುರು ಮಾಡಬಹುದು?

ಈ ಕ್ಷೇತ್ರಕ್ಕೆ ಬರಬೇಕೆನ್ನುವವರಿಗೆ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಪ್ರದರ್ಶನ ವಿನ್ಯಾಸವನ್ನು ಕಲಿಸುತ್ತಾರೆ. ಬರೋಡಾ, ಕಲ್ಕತ್ತಾ ವಿಶ್ವವಿದ್ಯಾಲಯಗಳಲ್ಲಿ ಮ್ಯೂಸಿಯಾಲಜಿ ಓದಬಹುದು. ಪ್ರಾಣಿಶಾಸ್ತ್ರ, ಭೂವಿಜ್ಞಾನ ಓದಿದವರಿಗೂ, ಚಿತ್ರಕಲೆ ಕಲಿತವರಿಗೂ, ಒಳ್ಳೆಯ ಕನ್ನಡ ಬರೆಯುವವರಿಗೂ ಇಲ್ಲಿ ಜಾಗವಿದೆ. ಕನ್ನಡದಲ್ಲಿ ನಾಲ್ಕು ಸಾಲಿನ ಒಳ್ಳೆಯ ಫಲಕ ಬರೆಯಬಲ್ಲವರ ಅಗತ್ಯವಂತೂ ತುಂಬಾ ಇದೆ.

ತುಮಕೂರಿನಲ್ಲಿ ಇಂಥದೊಂದಕ್ಕೆ ದೊಡ್ಡ ಕಟ್ಟಡಕ್ಕಾಗಿ ಕಾಯಬೇಕಿಲ್ಲ. ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂ ತನ್ನ ಪ್ರದರ್ಶನವನ್ನು ಬಸ್ಸಿನೊಳಗೆ ಜೋಡಿಸಿ ಹಳ್ಳಿ ಶಾಲೆಗಳಿಗೆ ಕಳಿಸುತ್ತದೆ. ಬಸ್ಸಿನಲ್ಲಿ ಹಿಡಿಸುವುದು ಒಂದು ಕಾಲೇಜಿನ ಕೊಠಡಿಯಲ್ಲೂ ಹಿಡಿಸುತ್ತದೆ. ಒಂದು ಬೆಟ್ಟ, ಎರಡು ನೀಲಿ ಗೆರೆ, ಒಂದು ಕಲ್ಲು, ಕಗ್ಗಲಡುವಿನ ಕೊಕ್ಕರೆಗಳ ಫೋಟೊ, ಒಂದು ಕತ್ತಲೆ ಮೂಲೆಯಲ್ಲಿ ಕಾಡುಪಾಪದ ಮಾದರಿ. ರಟ್ಟಿನಲ್ಲೇ ಮಾಡೋಣ. ಬೀದಿಯ ಮಕ್ಕಳನ್ನು ಕರೆದು ತೋರಿಸೋಣ. ಅವರು ಎಲ್ಲಿ ನಿಂತರು, ಏನು ಕೇಳಿದರು ಎಂದು ಬರೆದಿಟ್ಟುಕೊಂಡರೆ ಮುಂದೆ ಯಾರಾದರೂ ನಿಜವಾದ ಮ್ಯೂಸಿಯಂ ಕಟ್ಟುವ ದಿನ ನಮ್ಮ ಹತ್ತಿರ ಕೊಡಲು ಏನಾದರೂ ಇರುತ್ತದೆ. ಅಷ್ಟರೊಳಗೆ ರಸ್ತೆಗಾಗಿ ಕಡಿಯಲಿರುವ ಯಾವುದೋ ಮರದ ಬಗ್ಗೆ ಒಬ್ಬ ಹುಡುಗ, ‘ಅದರ ಮೇಲೆ ಏನಾದರೂ ಇದೆಯಾ, ನೋಡಿದಿರಾ?’ ಎಂದು ಕೇಳಿದರೂ ಪ್ರದರ್ಶನದ ಖರ್ಚು ಹುಟ್ಟಿದ ಹಾಗೆ.

– ಸದಾಶಿವನಗರ, ತುಮಕೂರು