ಎಡಕುಮೇರಿಯ ಹಳಿ ಕಾಲುದಾರಿಯಾಗಿದ್ದ ಕಾಲ

ದಕ್ಷಿಣ ಕನ್ನಡದ ಪುಂಜಾಲಕಟ್ಟೆಯವರು ರೈಲು ಹತ್ತಬೇಕೆಂದರೆ ಬಿ.ಸಿ.ರೋಡಿಗೆ ಹೋಗಬೇಕು, ಬಂಟ್ವಾಳ ನಿಲ್ದಾಣ ಇರುವುದು ಅಲ್ಲಿ. ಬೆಳ್ತಂಗಡಿ, ಮೂಡುಬಿದಿರೆ ಕಡೆಗೆ ಹಳಿಯೇ ಇಲ್ಲ. ಬಂಟ್ವಾಳದಿಂದ ಪುತ್ತೂರು, ನೆಟ್ಟಣದ ಮೇಲೆ ಹಾಸನಕ್ಕೆ ಹೋಗುವ ಈ ಮಾರ್ಗದ ಘಟ್ಟದ ಭಾಗದಲ್ಲಿ 1996ರಿಂದ ಸುಮಾರು ಹತ್ತು ವರ್ಷ ರೈಲು ಓಡಲಿಲ್ಲ. ಆ ಹತ್ತು ವರ್ಷ ಅಲ್ಲಿ ಜನ ನಡೆದರು.

ಮಂಗಳೂರಿಗೆ ಮದರಾಸಿನ ಕಡೆಯಿಂದ ರೈಲು ಬಂದದ್ದು 1907ರಲ್ಲಿ. ಆದರೆ ಘಟ್ಟದ ಮೇಲಿನ ಹಾಸನಕ್ಕೆ ಹಳಿ ಕೂಡಿಕೊಂಡದ್ದು ಅದಾಗಿ ಎಪ್ಪತ್ತು ವರ್ಷ ಕಳೆದ ಮೇಲೆ, 1979ರಲ್ಲಿ. ಅಷ್ಟು ತಡವಾದುದಕ್ಕೆ ಕಾರಣ ನಕ್ಷೆ ನೋಡಿದರೆ ಸಾಕು, ಗೊತ್ತಾಗುತ್ತದೆ. ಘಟ್ಟದ ಮೇಲಿನ ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರ್ ಆಸುಪಾಸಿನಲ್ಲಿದೆ. ಸುಬ್ರಹ್ಮಣ್ಯ ರೋಡ್ ನಿಲ್ದಾಣವಿರುವ ನೆಟ್ಟಣ ಘಟ್ಟದ ಬುಡದಲ್ಲಿ. ನಡುವಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗ, 109 ಸೇತುವೆ. 50 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಇಳಿಯುವ ಹಳಿ. ಕಲ್ಲು ಒಡೆದು, ಹಳ್ಳ ದಾಟಿಸಿ, ಮಳೆಗಾಲದಲ್ಲಿ ಗುಡ್ಡ ತಡೆದು ನಿಲ್ಲಿಸಿ ಕಟ್ಟಿದ ಈ ಮಾರ್ಗ ಮೀಟರ್‌ಗೇಜ್ ಆಗಿ ಇಪ್ಪತ್ತು ವರ್ಷವನ್ನೂ ಪೂರೈಸಲಿಲ್ಲ.

ಬ್ರಾಡ್‌ಗೇಜ್ ಮಾಡಲೆಂದು ಮುಚ್ಚಿದ ಮಾರ್ಗ ಬೇಗ ತೆರೆಯಲೂ ಇಲ್ಲ. ಈ ಕಡೆಯವರಿಗೆ ಬೆಂಗಳೂರೆಂದರೆ ರಾತ್ರಿ ಬಸ್ಸೇ ಗತಿಯಾಯಿತು. ರೈಲೇ ಬೇಕೆಂದರೆ ಪಾಲಕ್ಕಾಡ್, ಸೇಲಂ ಸುತ್ತಬೇಕಿತ್ತು. ಇದೇ ಕಾಲದಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡವರು ಸಕಲೇಶಪುರದ ಬಳಿಯ ದೋಣಿಗಲ್‌ನಲ್ಲಿ ಬಸ್ಸಿಳಿದು ಹಳಿ ಹಿಡಿದರು. ಗ್ರೀನ್ ರೂಟ್ ಎಂದು ಹೆಸರಾಯಿತು. ದೋಣಿಗಲ್, ಕಡಗರವಳ್ಳಿ, ಎಡಕುಮೇರಿ: ಒಂದಾದ ಮೇಲೊಂದು ಸುರಂಗ, ಅದರ ಬಾಯಲ್ಲೇ ಸೇತುವೆ. ಸುರಂಗದೊಳಗೆ ಟಾರ್ಚ್ ಇಲ್ಲದೆ ಹೆಜ್ಜೆ ಏಳದು. ಸೇತುವೆಯ ಮೇಲೆ ಸ್ಲೀಪರಿನಿಂದ ಸ್ಲೀಪರಿಗೆ ಕಾಲಿಡುವಾಗ ಸಂದಿನಲ್ಲಿ ಕೆಳಗಿನ ಹಳ್ಳ ಕಾಣುತ್ತದೆ. ಮಳೆಗಾಲವಾದರೆ ಉಂಬಳ. ಕೆಳಗೆ ಕೆಂಪುಹೊಳೆ, ಅದರ ಪಕ್ಕ ಶಿರಾಡಿ ರಸ್ತೆಯ ಲಾರಿಗಳ ಸದ್ದು.

ರೈಲಿನ ಕಿಟಕಿಯಲ್ಲಿ ಕೂತವರಿಗೆ ಕಾಡು ಕಾಣುತ್ತದೆ, ಕಾಲ ಕೆಳಗಿನ ಸೇತುವೆ ಕಾಣುವುದಿಲ್ಲ. ಕಂಬಗಳ ಎತ್ತರ, ಬಂಡೆಯ ಮೇಲಿನ ಉಳಿಯ ಗುರುತು, ಸುರಂಗದ ಗೋಡೆಯಲ್ಲಿ ಆಳು ನಿಲ್ಲಲೆಂದು ಬಿಟ್ಟ ಗೂಡು, ಇವೆಲ್ಲ ನಡೆದವರಿಗಷ್ಟೇ ದಕ್ಕಿದವು. ಈ ಮಾರ್ಗ ಕಟ್ಟಿದ ಸಾವಿರಾರು ಕೈಗಳ ಕೆಲಸವನ್ನು ಹೊರಗಿನವರು ನಿಧಾನವಾಗಿ ನೋಡಿದ್ದು ಆ ಹತ್ತು ವರ್ಷದಲ್ಲೇ ಎಂದು ನಾನು ನಂಬುತ್ತೇನೆ.

ರೈಲು ನಿಂತ ಹಳಿ ನಡಿಗೆದಾರಿಯಾಗಿಯೇ ಉಳಿದದ್ದೂ ಉಂಟು: ಹಳೆಯ ರೈಲುಮಾರ್ಗದ ಮೇಲೆ ಮಾಡಿದ ನ್ಯೂಯಾರ್ಕಿನ ಹೈಲೈನ್ ಎಂಬ ನಡಿಗೆ ಉದ್ಯಾನ 2009ರಲ್ಲಿ ತೆರೆಯಿತು. ಅಲ್ಲಿ ಗೂಡ್ಸ್ ರೈಲು ಶಾಶ್ವತವಾಗಿ ನಿಂತಿತ್ತು, ಆದ್ದರಿಂದ ದಾರಿ ಉಳಿಯಿತು. ಇಲ್ಲಿ ಹಾಗಾಗಲಿಲ್ಲ, ಆಗಲೂಬಾರದಿತ್ತು. ನವಮಂಗಳೂರು ಬಂದರಿಗೆ ಒಳನಾಡಿನ ಸರಕು ಬರಲು ಈ ಹಳಿ ಬೇಕು, ಕರಾವಳಿಯ ಜನಕ್ಕೂ ಬೇಕು. ಕೆಲಸ ಮುಗಿಸಲೆಂದೇ 2003ರಲ್ಲಿ ಕೇಂದ್ರದ ರೈಲ್ವೆ ಮತ್ತು ರಾಜ್ಯ ಸರ್ಕಾರದ ಪಾಲಿನೊಂದಿಗೆ ಪ್ರತ್ಯೇಕ ಕಂಪನಿ ಹುಟ್ಟಿತು. 2006ರಲ್ಲಿ ಗೂಡ್ಸ್, 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ರೈಲು ಮತ್ತೆ ಓಡಿತು.

ಚಾರಣಿಗರು ಮಾತ್ರ ಆಮೇಲೂ ಬರುತ್ತಲೇ ಇದ್ದರು. ಒಂದೇ ಹಳಿಯ ಸುರಂಗದಲ್ಲಿ ತಿರುವಿನಾಚೆಯ ರೈಲು ತಿಳಿಯುವುದಿಲ್ಲ, ಓಡಿ ಪಾರಾಗಲು ಜಾಗವಿಲ್ಲ. 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಹಳಿ ಮೇಲಿನ ಅತಿಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಸೆರೆ ಅಥವಾ ಸಾವಿರ ರೂಪಾಯಿವರೆಗೆ ದಂಡವಿದೆ. ಹಳೆಯ ಫೋಟೊ ನೋಡಿ ಈಗ ಹೊರಡುವ ಹುಡುಗರಿಗೆ ನನ್ನ ಕೋರಿಕೆ ಇಷ್ಟೇ: ಹೋಗಬೇಡಿ. ಹಗಲಿನ ರೈಲಿದೆ, 2021ರಿಂದ ದೊಡ್ಡ ಗಾಜಿನ ವಿಸ್ಟಾಡೋಮ್ ಬೋಗಿಯೂ ಇದೆ.

ಹಾಗೆಂದು ಘಟ್ಟದ ಹಳಿಯಲ್ಲಿ ನಡಿಗೆ ನಿಂತಿಲ್ಲ. ರೈಲ್ವೆಯ ಗ್ಯಾಂಗ್‌ಮನ್‌ಗಳು ಮೊದಲೂ ನಡೆಯುತ್ತಿದ್ದರು, ಈಗಲೂ ನಡೆಯುತ್ತಾರೆ. ಮಳೆಗಾಲದಲ್ಲಿ ರಾತ್ರಿಯೂ ಗಸ್ತು. ಕೈಯಲ್ಲಿ ದೀಪ, ಕಣ್ಣು ಗುಡ್ಡದ ಮೇಲೆ. 2024ರ ಜುಲೈನಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯಡಿಯ ಮಣ್ಣೇ ಜರಿದು ಸುಮಾರು ಎರಡು ವಾರ ರೈಲು ನಿಂತಿತು. ಸರಿಯಾದ ರಸ್ತೆಯಿಲ್ಲದ ಆ ಜಾಗದಲ್ಲಿ ಸುರಿಯುವ ಮಳೆಯಲ್ಲೇ ನೂರಾರು ಕಾರ್ಮಿಕರು ಕಲ್ಲು, ಮರಳುಚೀಲ ಪೇರಿಸಿ ಇಳಿಜಾರನ್ನು ಕಟ್ಟಿ ನಿಲ್ಲಿಸಿದರು. ಆಗಸ್ಟ್‌ನಲ್ಲಿ ಅದರ ಮೇಲೆ ಮೊದಲು ಗೂಡ್ಸ್ ದಾಟಿತು, ಆಮೇಲೆ ಬೆಂಗಳೂರಿನ ರೈಲು.